ಸಂಡಿಗೆಗೆ ನೆರಳು

ಸುದ್ದಗುಂಟೆಪಾಳ್ಯದ ನನ್ನ ಬಾಡಿಗೆ ಮನೆಗೆ ತಿಂಗಳ ಚಂದಾ ಇಲ್ಲದ ಡಿಶ್ ಬಾಕ್ಸ್ ತಂದಿದ್ದೆ. ಪೆನ್‌ಡ್ರೈವ್ ಸಿಕ್ಕಿಸಿದರೆ, ನಾನು ಡ್ಯೂಟಿಯಲ್ಲಿದ್ದಾಗಿನ ಕಾರ್ಯಕ್ರಮ ತಾನೇ ರೆಕಾರ್ಡ್ ಆಗುವಂಥದ್ದು. ಆದರೆ ಡಿಶ್ ಕೂರಿಸೋಕೆ ಮೇಲಿನ ಮನೆಯ ಓನರ್ ಆಂಟಿ ಟೆರೇಸ್ ಕೀ ಕೊಡಲಿಲ್ಲ.

"ಡಿಶ್ಶು ಗಿಶ್ಶು ಬೇಡಪ್ಪ, ನನ್ನ ಸಂಡಿಗೆಗೆ ನೆರಳಾಗುತ್ತೆ. ಈಗಿನೋರು ನೆಟ್ಟಲ್ಲೇ ನೋಡ್ಕೊಳ್ಳಲ್ವಾ?"

ಬಾಕ್ಸ್ ವಾಪಸ್ ಕೊಟ್ಟು, ವೈಫೈ ಹಾಕಿಸಿ, ದುಡ್ಡು ಕಟ್ಟಿ ಆ್ಯಪ್ ತಗೊಂಡೆ. ವಾರ ಕಳೆದಿಲ್ಲ, ಆಂಟಿ ಬಾಗಿಲಲ್ಲಿ ನಿಂತಿದ್ದಾರೆ.

"ನೆನ್ನೆ ಮದುವೆಗೆ ಹೋಗಿ ಸೀರಿಯಲ್ ತಪ್ಪೋಯ್ತು. ಮೊಬೈಲಲ್ಲಿ ನೋಡ್ಕೋತೀನಿ, ನಿನ್ನ ವೈಫೈ ಪಾಸ್‌ವರ್ಡ್ ಹೇಳಪ್ಪ."

ಹೇಳಿದೆ.

ಈಗ ದಿನಾ ಸಂಜೆ ಮೇಲಿನಿಂದ ಸೀರಿಯಲ್ಲಿನ ಅಳು ಸ್ಪಷ್ಟವಾಗಿ ಕೇಳುತ್ತೆ. ನನ್ನ ಟಿವಿಯಲ್ಲಿ ಬರೀ ಚಕ್ರ ಸುತ್ತುತ್ತೆ. ಪಾಸ್‌ವರ್ಡ್ ಬದಲಾಯಿಸಬಹುದು. ಆಮೇಲೆ ಮನೇನೂ ಬದಲಾಯಿಸಬೇಕಾಗುತ್ತೆ.