ಹೆಸರು ಹಿಡಿದು ಕರೆಯಲಾಗದ ವರ್ಷ

ಈಗ ಅಬುಧಾಬಿಯ ಕಚೇರಿಯಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಮೇಲಧಿಕಾರಿಯನ್ನು ನಾನು ಹೆಸರು ಹಿಡಿದು ಕರೆಯುತ್ತೇನೆ. ಅಮ್ಮ ಫೋನಿನಲ್ಲಿರುವಾಗ ಅದು ಕಿವಿಗೆ ಬಿದ್ದರೆ ಆ ಕಡೆಯಿಂದ ಒಂದು ಸಣ್ಣ ‘ಛೆ’ ಕೇಳಿಸುತ್ತದೆ. ಅವಳನ್ನು ದೂರುವ ಹಾಗಿಲ್ಲ. ಅಪ್ಪನ ಹೆಸರನ್ನೇ ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಮನೆಯಲ್ಲಿ ‘ಕೇಳಿತಾ’ ಎಂದರೆ ಅದು ಅಪ್ಪ. ಕ್ಲಿನಿಕ್ಕಿನ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದರೆ ಮಾತಾಡದೆ ಅವರ ಕಾರ್ಡನ್ನು ಮುಂದೆ ತಳ್ಳುತ್ತಿದ್ದಳು. ನಾನು ನಗುತ್ತಿದ್ದೆ. ಅದೇ ರೋಗ ನನಗೂ ಅಂಟಿದೆಯೆಂದು ಗೊತ್ತಾದದ್ದು ಹದಿನೈದನೆಯ ವಯಸ್ಸಿನಲ್ಲಿ, ಕಾಲೇಜಿಗೆ ಸೇರಿದಾಗ.

ಹದಿನೈದಕ್ಕೇ ಕಾಲೇಜು ಎಂದರೆ ನೆಂಟರಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಹತ್ತನೆಯ ತರಗತಿ ಮುಗಿಸಿದ ಜಾಣ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸಿ, ಹನ್ನೊಂದು ಹನ್ನೆರಡನ್ನು ಹಾರಿಸಿ, ನೇರವಾಗಿ ಪದವಿಯ ಪಾಠಕ್ಕೆ ಕೂರಿಸುವ ಖಾಸಗಿ ಕಾಲೇಜು ಅದು. ದುಬೈಯ ಜುಮೇರಾದ ಒಳರಸ್ತೆಯಲ್ಲಿ ಒಂದು ಹಳೆಯ ವಿಲ್ಲಾ, ಹಿತ್ತಲಲ್ಲಿ ನೀರಿಲ್ಲದ ಈಜುಕೊಳ, ಎಲ್ಲ ಸೇರಿ ಮೂವತ್ತೊಂದು ಮಂದಿ ವಿದ್ಯಾರ್ಥಿಗಳು. ನನಗೆ ಫೀಸು ಪೂರ್ತಿ ಮನ್ನಾ ಆಗಿತ್ತು. ನಾವಿದ್ದದ್ದು ಸತ್ವಾದಲ್ಲಿ, ನಾಲ್ಕು ಸಂಸಾರ ಹಂಚಿಕೊಂಡಿದ್ದ ಮನೆಯ ಒಂದು ಕೋಣೆಯಲ್ಲಿ. ಅಲ್ಲಿಂದ ನಡೆದೇ ಹೋಗಬಹುದಿತ್ತು. ಹೋಟೆಲೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದ ಅಪ್ಪ ಈ ಸುದ್ದಿಯನ್ನು ಉಡುಪಿಯ ಅರ್ಧ ಮಂದಿಗೆ ಫೋನ್ ಮಾಡಿ ಹೇಳಿದರು.

ಮೊದಲ ದಿನ ಪ್ರಾಂಶುಪಾಲೆ ಅಲ್ಲಿನ ಪದ್ಧತಿ ಹೇಳಿದರು. ಇಲ್ಲಿ ಸರ್, ಮಿಸ್ ಎಂಬುದಿಲ್ಲ, ಎಲ್ಲರನ್ನೂ ಹೆಸರಿನಿಂದಲೇ ಕರೆಯಬೇಕು. ಗಂಟೆ ಬಾರಿಸುವುದಿಲ್ಲ. ಮಂಗಳವಾರ, ಗುರುವಾರ ಮೂರರಿಂದ ಐದರವರೆಗೆ ಅಧ್ಯಾಪಕರ ಕೋಣೆಯ ಬಾಗಿಲು ತೆರೆದಿರುತ್ತದೆ. ತಾವಾಗಿ ಹೋಗಿ ಮಾತಾಡುವುದು ವಿದ್ಯಾರ್ಥಿಗಳ ಕೆಲಸ, ಯಾರೂ ಕರೆಯುವುದಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರು. ಎರಡನೆಯ ವರ್ಷಕ್ಕೆ ನೀವು ತಕ್ಕವರೋ ಅಲ್ಲವೋ ಎಂದು ವರ್ಷದ ಕೊನೆಗೆ ಅವರು ಬರೆಯುತ್ತಾರೆ. ಅಲ್ಲ ಎಂದರೆ ಹಳೆಯ ಶಾಲೆಗೆ ಮರಳಿ, ನಿಮಗಿಂತ ಚಿಕ್ಕವರ ಜೊತೆ ಕೂರಬೇಕು.

ನನ್ನ ಮಾರ್ಗದರ್ಶಕರು ಸ್ಕಾಟ್ಲೆಂಡಿನ ಗಣಿತದ ಅಧ್ಯಾಪಕರು. ತಲೆ ಪೂರ್ತಿ ನರೆತಿತ್ತು, ಅಪ್ಪನಿಗಿಂತ ಹತ್ತು ವರ್ಷವಾದರೂ ದೊಡ್ಡವರು. ಹೆಸರು ಮಾತ್ರ ಎರಡೇ ಅಕ್ಷರದ್ದು. ಹಾಗೆ ಕರೆದರೆ ಬೆಕ್ಕನ್ನು ಕರೆದಂತೆ ಅನಿಸುತ್ತಿತ್ತು. ಮೊದಲ ವಾರ ಬಾಯಿ ತಪ್ಪಿ ‘ಸರ್’ ಎಂದೆ. ತರಗತಿ ನಕ್ಕಿತು. ಅವರು ಮೆಲ್ಲಗೆ, ಇಲ್ಲಿ ಸರ್ ಯಾರೂ ಇಲ್ಲ, ನಾನು ಮಾತ್ರ ಇದ್ದೇನೆ ಎಂದರು. ಅಂದಿನಿಂದ ನಾನು ಅವರನ್ನು ಏನೆಂದೂ ಕರೆಯಲಿಲ್ಲ.

ಹಾಗಂತ ಹೋಗದೆ ಇರಲಿಲ್ಲ. ಮಂಗಳವಾರ ಬಂತೆಂದರೆ ನೋಟ್‌ಬುಕ್ ಹಿಡಿದು ಅವರ ಕೋಣೆಯ ಹೊರಗೆ ನಿಲ್ಲುತ್ತಿದ್ದೆ. ಅವರ ಮೇಜು ಕಿಟಕಿಯ ಕಡೆಗಿತ್ತು, ಬೆನ್ನು ಬಾಗಿಲಿಗೆ. ಬಾಗಿಲು ಪೂರ್ತಿ ತೆರೆದಿರುವಾಗ ಬಡಿಯುವುದಾದರೂ ಯಾವುದನ್ನು? ಹೆಸರು ಕರೆಯಬೇಕು, ಅವರು ತಿರುಗಬೇಕು, ಅಷ್ಟೇ ಕೆಲಸ. ಉಳಿದವರು ನನ್ನ ಪಕ್ಕದಿಂದಲೇ ಹೆಸರು ಕೂಗುತ್ತ ಒಳನುಗ್ಗುತ್ತಿದ್ದರು. ಒಮ್ಮೆ ಕೆಮ್ಮಿದೆ. ಅವರು ತಿರುಗದೆಯೇ ಎಸಿಯ ಚಳಿ ಕಡಿಮೆ ಮಾಡಿದರು. ತಿರುಗಿ ನೋಡಲಿ ಎಂದು ಕಾಯುವುದು ನನ್ನ ಲೆಕ್ಕದಲ್ಲಿ ಮರ್ಯಾದೆ. ಐದು ಗಂಟೆಗೆ ಅವರು ಎದ್ದೇಳುವ ಸದ್ದಾದರೆ ಕಳ್ಳಿಯ ಹಾಗೆ ಮೆಟ್ಟಿಲಿಳಿದು ಓಡುವುದು ಯಾವ ಮರ್ಯಾದೆಯೋ ಗೊತ್ತಿಲ್ಲ. ಗುರುವಾರವೂ ಅದೇ ಕತೆ.

ಮಧ್ಯಾಹ್ನದ ಊಟವನ್ನು ಖಾಲಿ ಈಜುಕೊಳದ ಮೆಟ್ಟಿಲ ಮೇಲೆ ಮಾಡುತ್ತಿದ್ದೆ. ಯಾರೂ ನನ್ನನ್ನು ದೂರ ಇಟ್ಟಿರಲಿಲ್ಲ. ಹಾಗೆ ಇಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಅವರೆಲ್ಲ ಇಂಗ್ಲಿಷಿನಲ್ಲಿ ಅಧ್ಯಾಪಕರನ್ನೂ ತಮಾಷೆ ಮಾಡುವಷ್ಟು ಸಲೀಸಾಗಿದ್ದರು, ನನ್ನ ಕಡೆ ನಗುತ್ತಿದ್ದರು, ಮುಂದೆ ಹೋಗುತ್ತಿದ್ದರು. ಊದ್ ಮೇಥಾದ ನನ್ನ ಹಳೆಯ ಶಾಲೆಯಲ್ಲಿ ಹತ್ತು ವರ್ಷ ಬಸ್ಸಿನ ಒಂದೇ ಸೀಟಿನಲ್ಲಿ ಕೂತಿದ್ದ ಗೆಳತಿಯನ್ನು ನೋಡಲು ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಹೋದೆ. ಅವಳು ಹೊಸ ಲ್ಯಾಬ್ ಪಾರ್ಟ್‌ನರ್ ಜೊತೆ ಹೊರಗೆ ಬಂದಳು, ನನ್ನನ್ನು ಅಪ್ಪಿಕೊಂಡಳು, ಕಾಲೇಜು ಹೇಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸೂಪರ್ ಎಂದೆ. ಬಸ್ಸು ಹೊರಟ ಮೇಲೆ ಗೇಟಿನ ಹತ್ತಿರ ನಾನೊಬ್ಬಳೇ ಉಳಿದಾಗ ಅಳು ಬಂತು. ಅಷ್ಟು ಒಂಟಿತನ ನನಗೆ ಮತ್ತೆಂದೂ ಆಗಿಲ್ಲ.

ಜೂನ್‌ನಲ್ಲಿ ಅಧ್ಯಾಪಕರು ನನ್ನ ಜೊತೆ ಅಪ್ಪ-ಅಮ್ಮ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಅಪ್ಪ ಮದುವೆಗೆಂದು ಇಟ್ಟ ಶರ್ಟು ಹಾಕಿಕೊಂಡು ಬಂದರು. ಅಧ್ಯಾಪಕರು ನನ್ನ ಪರೀಕ್ಷೆಯ ಹಾಳೆಗಳನ್ನು ಮುಂದಿಟ್ಟು, ಇವುಗಳಲ್ಲಿ ತಪ್ಪು ಹುಡುಕುವುದೇ ಕಷ್ಟ ಎಂದರು. ಅಪ್ಪನ ಮುಖ ಅರಳಿತು. ಆದರೆ ಹುಡುಗಿಗೆ ಇಲ್ಲಿ ಇರುವ ಮನಸ್ಸಿದೆ ಎಂದು ಅನಿಸುವುದಿಲ್ಲ, ಹತ್ತು ತಿಂಗಳಲ್ಲಿ ಒಮ್ಮೆಯೂ ಈ ಬಾಗಿಲು ದಾಟಲಿಲ್ಲ, ಅವಳನ್ನು ಹಳೆಯ ಶಾಲೆಗೆ ಕಳಿಸುವುದೇ ಒಳ್ಳೆಯದು ಎಂದೂ ಹೇಳಿದರು.

ಅಪ್ಪ ಅದನ್ನು ತಗ್ಗಿದ ದನಿಯಲ್ಲಿ ಅಮ್ಮನಿಗೆ ಕನ್ನಡದಲ್ಲಿ ಹೇಳಿದರು. ಅಮ್ಮ ನನ್ನ ಕಡೆ ತಿರುಗಿದಳು. “ಹಾಗಾದ್ರೆ ಮಂಗಳವಾರ, ಗುರುವಾರ ಐದು ಗಂಟೆವರೆಗೆ ನೀನು ಎಲ್ಲಿ ಇದ್ದದ್ದು?”

“ಇಲ್ಲೇ. ಬಾಗಿಲ ಹೊರಗೆ.”

ಅಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಅಧ್ಯಾಪಕರು ಬಾಗಿಲನ್ನೂ ನನ್ನನ್ನೂ ನೋಡಿದರು. ಯಾಕೆ ಕರೆಯಲಿಲ್ಲ ಎಂದು ಕೇಳಿದರು. ನಿಮ್ಮನ್ನು ಹೇಗೆ ಕರೆಯಬೇಕೆಂದು ತಿಳಿಯಲಿಲ್ಲ ಎಂದೆ. ನನಗೊಂದು ಹೆಸರಿದೆಯಲ್ಲ ಎಂದರು. ಇಷ್ಟೊಂದು ಸಣ್ಣ ಕೆಲಸಕ್ಕೆ ವರ್ಷ ಹಾಳು ಮಾಡಿದಳಲ್ಲ ಎಂದು ಅಪ್ಪನಿಗೆ ಸಿಟ್ಟು ಬಂತು, ಅದು ಕೆಂಪಾದ ಅವರ ಕಿವಿಯಲ್ಲಿ ಕಾಣುತ್ತಿತ್ತು. ಅಮ್ಮ ಮಾತ್ರ ನನ್ನ ಬೆನ್ನ ಮೇಲೆ ಕೈ ಇಟ್ಟಳು.

ಅಧ್ಯಾಪಕರು, ಸೆಪ್ಟೆಂಬರಿನ ಮೊದಲ ಮಂಗಳವಾರ ಬಾ, ಆ ಬಾಗಿಲಲ್ಲಿ ನಿಂತು ನನ್ನ ಹೆಸರು ಕರೆ, ಆಮೇಲೆ ನೋಡೋಣ, ಅಲ್ಲಿಯವರೆಗೆ ನಿನ್ನ ಸೀಟು ಇರುತ್ತದೆ ಎಂದರು.

ಆ ಬೇಸಿಗೆ ನಾವು ಊರಿಗೆ ಹೋಗಲಿಲ್ಲ. ಎಲ್ಲರೂ ಬಳಸುವ ಅಡುಗೆಮನೆಯಲ್ಲಿ, ವಾಷಿಂಗ್ ಮಷಿನಿನ ಸದ್ದಿನ ಮರೆಯಲ್ಲಿ, ನಾನು ಆ ಹೆಸರನ್ನು ಬಾಯಿಪಾಠ ಮಾಡಿದೆ. ಪಕ್ಕದ ಕೋಣೆಯ ಆಂಟಿಗೆ ಅದು ಕೇಳಿಸಿ, ಮಗಳ ಬಾಯಲ್ಲಿ ಯಾರದೋ ಗಂಡಸಿನ ಹೆಸರು ಬರುತ್ತಿದೆ, ಸ್ವಲ್ಪ ನೋಡಿಕೊಳ್ಳಿ ಎಂದು ಅಮ್ಮನಿಗೆ ಚಾಡಿ ಹೇಳಿದರು. ಅಮ್ಮ ನಕ್ಕು ನಕ್ಕು ಸುಸ್ತಾದಳು. ಅಂದು ತರಕಾರಿ ಹೆಚ್ಚುತ್ತ, “ನನಗೂ ಒಮ್ಮೆ ಹೇಳಿಕೊಡು ಮಾರಾಯ್ತಿ” ಎಂದಳು. ನಾನು ಹೇಳಿದೆ. ಅವಳೂ ಹೇಳಿದಳು, ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಇಬ್ಬರೂ ಬೀನ್ಸ್ ಹೆಚ್ಚಿದೆವು.

ಸೆಪ್ಟೆಂಬರಿನ ಆ ಮಂಗಳವಾರ ಮೂರು ಗಂಟೆಗೆ ಸರಿಯಾಗಿ ಹೋದೆ. ಬಾಗಿಲು ತೆರೆದಿತ್ತು. ಕಿಟಕಿಯ ಕಡೆ ಮುಖ ಮಾಡಿ ಅವರು ಬರೆಯುತ್ತ ಕೂತಿದ್ದರು. ಕುರ್ಚಿಯ ಎತ್ತರದ ಬೆನ್ನಿನ ಆಚೆ ಭುಜವಷ್ಟೇ ಕಾಣುತ್ತಿತ್ತು. ಹೆಸರು ಕರೆದೆ, ಸ್ಪಷ್ಟವಾಗಿ, ಪಕ್ಕದ ಕೋಣೆಗೂ ಕೇಳುವ ಹಾಗೆ.

ತಿರುಗಿದವರು ಬೇರೆ ಯಾರೋ. ಕನ್ನಡಕದ, ಚಿಕ್ಕ ಪ್ರಾಯದವರು. ನೀನು ಕರೆದವರು ಜುಲೈಯಲ್ಲೇ ಕಾಂಟ್ರಾಕ್ಟ್ ಮುಗಿಸಿ ತಮ್ಮ ದೇಶಕ್ಕೆ ಹೋದರಲ್ಲ, ನಿನಗೆ ಗೊತ್ತಿಲ್ಲವೇ ಎಂದರು. ಎಲ್ಲರಿಗೂ ಗೊತ್ತಿತ್ತಂತೆ. ಮೇ ತಿಂಗಳಲ್ಲೇ ಅವರು ತಮ್ಮ ಕೋಣೆಗೆ ಬಂದವರಿಗೆಲ್ಲ ಹೇಳಿದ್ದರು. ಸೆಪ್ಟೆಂಬರಿಗೆ ಬಾ ಎಂದಾಗ ತಾವು ಇರುವುದಿಲ್ಲವೆಂದು ಅವರಿಗೆ ತಿಳಿದೇ ಇತ್ತು. ನನಗೆ ಸಿಟ್ಟು ಬಂತು. ಹೊಸಬರು ನನ್ನ ಹೆಸರು ಕೇಳಿ, ಡ್ರಾಯರಿನಿಂದ ಫೈಲು ತೆಗೆದು, ಅದರಲ್ಲಿದ್ದ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಎರಡನೆಯ ವರ್ಷಕ್ಕೆ ತಕ್ಕವಳು ಎಂದು ಮೇಲೆ ಬರೆದಿತ್ತು. ಸಹಿಯ ಪಕ್ಕದ ತಾರೀಕು ನಮ್ಮನ್ನು ಕರೆಸಿದ ದಿನದ್ದೇ. ಕೆಳಗೆ ಹಳೆಯ ಅಧ್ಯಾಪಕರ ಕೈಬರಹದಲ್ಲಿ ಎರಡು ಸಾಲು: ಪ್ರತಿ ಮಂಗಳವಾರ, ಗುರುವಾರ ತಪ್ಪದೆ ಬರುತ್ತಾಳೆ. ಮೇಜನ್ನು ಬಾಗಿಲ ಕಡೆಗೆ ತಿರುಗಿಸಿಕೊಳ್ಳಿ.

ಆ ಗುರುವಾರ ನಾನು ಹೋಗುವಷ್ಟರಲ್ಲಿ ಮೇಜು ತಿರುಗಿತ್ತು. ಹೊಸಬರ ಹೆಸರು ಹಿಡಿದು ಕರೆಯುವುದು ಒಂದೇ ವಾರದಲ್ಲಿ ರೂಢಿಯಾಯಿತು, ಮುಂದೆ ಎಷ್ಟೋ ಜನರ ಹೆಸರೂ ರೂಢಿಯಾಯಿತು. ಹಳೆಯವರ ಹೆಸರನ್ನು ಮಾತ್ರ ನಾನು ಕರೆದದ್ದು ಒಮ್ಮೆಯೇ, ಅದು ಅವರು ಅಲ್ಲಿಲ್ಲದಾಗ.