ಫಕೀರಪ್ಪ ಯಾವ ಕಡೆ?

"ಹಿಂದೂಗಳೆಲ್ಲ ಈ ಕಡೆ ಬನ್ನಿ. ಮುಸಲ್ಮಾನರೆಲ್ಲ ಆ ಕಡೆ ನಿಲ್ಲಿ."

ಯುಗಾದಿಯ ಹಿಂದಿನ ದಿನ ನಮ್ಮೂರ ಚಾವಡಿಯ ಮುಂದೆ ಹೊರಟ ಅಪ್ಪಣೆ ಇದು. ಕೊಟ್ಟವರು ಹೊಸದಾಗಿ ಬಂದ ಕಂದಾಯದ ಸಾಹೇಬರು. (ಹೆಸರು ಬೇಡ. ನಾನು ಇನ್ನೂ ಕೆಲವು ವರ್ಷ ಮಾಸ್ತರಿಕೆ ಮಾಡಬೇಕಾಗಿದೆ.) ಎದುರಿಗೆ ಊರಿನ ಗಂಡಸರೆಲ್ಲ ನೆರೆದಿದ್ದರು. ಒಬ್ಬನೂ ಕದಲಲಿಲ್ಲ. ಹಟಕ್ಕಲ್ಲ. ಸಾಹೇಬರು ಏನು ಹೇಳುತ್ತಿದ್ದಾರೆಂದು ಯಾರಿಗೂ ತಿಳಿಯಲಿಲ್ಲ.

ನಾವು ಓಣಿವಾರು ನಿಂತದ್ದುಂಟು. ಕುಣಿಯಲು ಹೆಜ್ಜೆಮೇಳ ಕಟ್ಟುವಾಗ ಎತ್ತರ ನೋಡಿ ನಿಂತದ್ದುಂಟು. ಕೇರಿಯ ಭೇದ ನಮ್ಮಲ್ಲಿ ಇಲ್ಲವೆಂದು ಸುಳ್ಳು ಹೇಳಲಾರೆ; ಅದನ್ನು ಬರೆದು ಇದೇ ಅಂಕಣದಲ್ಲಿ ನಿಮ್ಮಿಂದ ಬೈಸಿಕೊಂಡಿದ್ದೇನೆ. ಆದರೆ ಹಬ್ಬದ ಹೆಸರಿನಲ್ಲಿ ಊರನ್ನು ಎರಡು ಸಾಲು ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಇಷ್ಟಕ್ಕೂ ಆದದ್ದೇನು? ಏನೂ ಆಗಿರಲಿಲ್ಲ. ಅದೇ ನನ್ನ ಸಿಟ್ಟು.

ಸಾಹೇಬರ ಕೋಣೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಈ ವರ್ಷ ಅದರ ಒಂದೇ ಚೌಕದಲ್ಲಿ ಎರಡು ಹೆಸರು ಬಿದ್ದಿವೆ. ಮೇಲೆ ಯುಗಾದಿ, ಕೆಳಗೆ ಮೊಹರಂ ಆರಂಭ. ಎರಡಕ್ಕೂ ಬೇಕಾದದ್ದು ಹೊಸ ಚಂದ್ರ. ಈ ಸಲ ಪಾಡ್ಯದ ಸಂಜೆಯೇ ಚಂದ್ರ ಕಾಣುತ್ತಾನೆಂದು ಊರಿನ ಹಿರಿಯರು ಹೇಳಿದ್ದರು. ಎರಡು ಹೊಸ ವರ್ಷ ಒಂದೇ ಸಂಜೆಗೆ! ನಮಗೆ ಇದು ಡಬಲ್ ಹಬ್ಬ. ಸಾಹೇಬರಿಗೆ ಡಬಲ್ ಡ್ಯೂಟಿ. ಅವರು ಹಿಂದೆ ಇದ್ದ ದೊಡ್ಡ ಊರಿನಲ್ಲಿ ಇಂಥದೇ ದಿನ ಕಲ್ಲು ತೂರಾಡಿದ್ದರಂತೆ. ಆ ಊರಿನ ಭಯವನ್ನು ಟ್ರಂಕಿನಲ್ಲಿ ಹಾಕಿಕೊಂಡು ಯಲವಿಗಿ ಸ್ಟೇಷನ್ನಿನಲ್ಲಿ ಇಳಿದು, ಚಕ್ಕಡಿ ಹತ್ತಿ ನಮ್ಮೂರಿಗೆ ಬಂದಿದ್ದಾರೆ.

ಯಾರೂ ಕದಲದ್ದನ್ನು ನೋಡಿ ಸಾಹೇಬರು ಒಬ್ಬೊಬ್ಬರನ್ನೇ ಕೇಳತೊಡಗಿದರು.

"ಹೆಸರು?"

"ಫಕೀರಪ್ಪ ರೀ."

"ಆ ಕಡೆ."

ಫಕೀರಪ್ಪ ಸಾಧು ಮನುಷ್ಯ. ಹೋಗಿ ನಮ್ಮೂರ ಮುಲ್ಲಾ ಮೌಲಾಸಾಬರ ಪಕ್ಕ ನಿಂತ.

"ಏ ಫಕೀರಪ್ಪಾ, ನೀ ಇಲ್ಲ್ಯಾಕ ಬಂದ್ಯೋ?" ಎಂದರು ಮೌಲಾಸಾಬರು.

"ಸಾಹೇಬ್ರು ಹೇಳ್ಯಾರಲ್ರಿ ಕಾಕಾ. ಬ್ಯಾಡ ಅನ್ನಾಕ ಬರತೈತೇನು?"

ಜನ ಗೊಳ್ಳೆಂದು ನಕ್ಕರು. ಸಾಹೇಬರು ನಗಲಿಲ್ಲ. ಗುಂಪಿನಿಂದ ಯಾರೋ, "ಅಂವಾ ಲಿಂಗವಂತ ಅದಾನ್ರೀ ಸಾಹೇಬ್ರ. ಎದಿಮ್ಯಾಲ ಕರಡಗಿ ಐತಿ ನೋಡ್ರಿ," ಎಂದರು. ಫಕೀರಪ್ಪ ಅಂಗಿಯ ಗುಂಡಿ ಬಿಚ್ಚಿ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ತೋರಿಸಿದ.

"ಹಾಗಾದರೆ ಇಂಥ ಹೆಸರೇಕೆ?" ಸಾಹೇಬರ ಮುಖ ಕೆಂಪಗಾಗಿತ್ತು. ಅವನು ಬೇಕೆಂದೇ ಮೋಸ ಮಾಡಿದಂತೆ!

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಸಂತೆಯಲ್ಲಾದರೂ ನಿಂತು "ಫಕೀರಪ್ಪಾ" ಎಂದು ಕೂಗಿ. ನಾಲ್ಕಾರು ಜನ ತಿರುಗಿ ನೋಡುತ್ತಾರೆ. ಎಲ್ಲರೂ ಒಕ್ಕಲುತನದವರು, ಎಲ್ಲರ ಕೊರಳಲ್ಲೂ ಲಿಂಗ. ನಮ್ಮ ಫಕೀರಪ್ಪನ ಅವ್ವ ನೀಲವ್ವನಿಗೆ ಹುಟ್ಟಿದ ಕೂಸುಗಳು ಉಳಿಯುತ್ತಿರಲಿಲ್ಲ. ಆಕೆ ಮೊಹರಂನಲ್ಲಿ ಕೂರಿಸುವ ಪಂಜಾಕ್ಕೆ, ನಮ್ಮ ಅಲಾವಿ ದೇವರಿಗೆ, ಹರಕೆ ಹೊತ್ತಳು. ಕೂಸು ಉಳಿದರೆ ನಿನ್ನ ಫಕೀರನೆಂದೇ ಹೆಸರಿಡುತ್ತೇನೆ, ವರ್ಷವರ್ಷ ನಿನ್ನ ಬೆಂಕಿಯ ಕುಣಿಗೆ ಮೊದಲ ಗುದ್ದಲಿ ಅವನದೇ ಕೈಯಿಂದ ಹಾಕಿಸುತ್ತೇನೆ ಎಂದು. ಕೂಸು ಉಳಿಯಿತು.

ಅಂದಿನಿಂದ ಮೊಹರಂ ಚಂದ್ರ ಕಂಡ ಸಂಜೆ ಮಸೀದಿಯ ಮುಂದೆ ಅಲಾವಿಯ ಕುಣಿ ತೋಡಲು ಮೊದಲ ಗುದ್ದಲಿ ಫಕೀರಪ್ಪನದು. ಅವನು ತೊಡೆಯ ಮೇಲಿನ ಕೂಸಾಗಿದ್ದಾಗ ನೀಲವ್ವನೇ ಅವನ ಪುಟ್ಟ ಕೈಗಳನ್ನು ಗುದ್ದಲಿಯ ಕಾವಿಗೆ ಹಚ್ಚಿದ್ದಳು. ಈಗಲೂ ಆ ದಿನ ಮಣ್ಣು ಏಳುವವರೆಗೆ ಆಕೆ ಬಾಯಿಗೆ ನೀರು ಹಾಕುವುದಿಲ್ಲ. ಇನ್ನು ಯುಗಾದಿಯ ಬೇವಿನ ಹೂವು ಎಲ್ಲಿಂದ ಬರುತ್ತದೆ ಗೊತ್ತೆ? ಮೌಲಾಸಾಬರ ಹಿತ್ತಲಿನಿಂದ. ಬೆಳಗಾಗುವುದರೊಳಗೆ ಬುಟ್ಟಿ ಹಿಡಿದು ಓಣಿ ಓಣಿಗೆ ಅವರೇ ಹಂಚುತ್ತಾರೆ.

ಇದನ್ನೆಲ್ಲ ನಾನು ಸಾಹೇಬರಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಮೊದಲೇ ಬರೆದಿಟ್ಟುಕೊಂಡಿದ್ದ ಆರ್ಡರನ್ನು ಓದಿದರು. ಹೊತ್ತು ಮುಳುಗುವ ತನಕ ಯುಗಾದಿ. ಹಿಂದೂಗಳಿಗೆ ಮಾತ್ರ. ಹೊತ್ತು ಮುಳುಗಿದ ಮೇಲೆ ಅಲಾವಿ. ಮುಸಲ್ಮಾನರಿಗೆ ಮಾತ್ರ. ಒಬ್ಬರ ಹಬ್ಬದಲ್ಲಿ ಇನ್ನೊಬ್ಬರು ಕಾಲಿಡಕೂಡದು.

(ಯುಗಾದಿಯ ಚಂದ್ರನನ್ನು ನೋಡುವುದು ಹೊತ್ತು ಮುಳುಗಿದ ಮೇಲೆಯೇ ಎಂದು ನಾನು ಬಾಯಿ ಹಾಕಿದೆ. "ಮನೆಯ ಮಾಳಿಗೆಯ ಮೇಲಿಂದ ನೋಡಬಹುದು," ಎಂದರು. ಚಂದ್ರನ ಮೇಲೂ ಸಾಹೇಬರ ದಯೆ!)

"ಮತ್ತ ನನ್ನ ಗುದ್ದಲಿ ರೀ?" ಎಂದ ಫಕೀರಪ್ಪ.

"ನೀನು ಹಿಂದೂ ಎಂದು ನೀನೇ ತೋರಿಸಿದೆಯಲ್ಲ. ಹೋಗುವಂತಿಲ್ಲ. ಎರಡರಲ್ಲಿ ಒಂದು ಹಬ್ಬ ಆರಿಸಿಕೋ."

"ಚಂದ್ರಾಮ ಎರಡು ಮೂಡಿದ್ರ ಆರಿಸ್ಕೋತೇನ್ರಿ ಸಾಹೇಬ್ರ. ಒಬ್ಬನ ಮೂಡಿದ್ರ ಹ್ಯಾಂಗ ಆರಿಸ್ಕೊಳ್ಲಿ?"

ಸಾಹೇಬರು ಟೊಪ್ಪಿಗೆ ಹಾಕಿಕೊಂಡು ಎದ್ದರು.

ಯುಗಾದಿಯ ಬೆಳಿಗ್ಗೆ ಮೌಲಾಸಾಬರು ಬೇವಿನ ಬುಟ್ಟಿ ಹಿಡಿದು ಹೊರಟರು. ಓಣಿಯ ಬಾಯಿಗೆ ನಿಂತಿದ್ದ ಪೊಲೀಸಿನವನು ತಡೆದ. ಅವರು ಜಗಳ ಮಾಡಲಿಲ್ಲ. ಬುಟ್ಟಿಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹಿಂದಿರುಗಿದರು. ಯಾರೂ ಹೋಗಿ ತರುವ ಧೈರ್ಯ ಮಾಡಲಿಲ್ಲ. ನಾನೂ ಮಾಡಲಿಲ್ಲ. ನಮ್ಮ ಮನೆಯಲ್ಲಿ ಆ ದಿನ ಬರೀ ಬೆಲ್ಲ ತಿಂದೆವು. ವರ್ಷವಿಡೀ ಸಿಹಿಯೇ ಇರಲಿ ಎಂದು ನಮ್ಮಾಕೆ ತಮಾಷೆ ಮಾಡಿದಳು. ನನಗೆ ನಗು ಬರಲಿಲ್ಲ.

ಸಂಜೆ ಚಂದ್ರ ಕಂಡ. ಉಗುರಿನ ಚೂರಿನಷ್ಟು. ಮಾಳಿಗೆಗಳ ಮೇಲೆ ಕೈಮುಗಿದೆವು. ಮಸೀದಿಯ ಮುಂದೆ ಮುಸಲ್ಮಾನರು ದುವಾ ಮಾಡಿದರು. ಆಮೇಲೆ ಎಲ್ಲ ಕಣ್ಣುಗಳೂ ಅಲಾವಿಯ ಜಾಗದ ಕಡೆ ಹೋದವು. ಇತ್ತ ಗುದ್ದಲಿ ಹೆಗಲಿಗೇರಿಸಿ ಫಕೀರಪ್ಪ, ಅವನ ಹಿಂದೆ ಕೋಲೂರಿಕೊಂಡು ನೀಲವ್ವ. ಅತ್ತ ಮೌಲಾಸಾಬರು. ನಡುವೆ ಪೊಲೀಸಿನವರು, ಅವರ ಹಿಂದೆ ಸಾಹೇಬರು.

"ಹೂಂ, ಶುರು ಮಾಡಿ. ನಿಮ್ಮಲ್ಲೇ ಯಾರಾದರೂ ಗುದ್ದಲಿ ಹಾಕಿ," ಎಂದರು ಸಾಹೇಬರು ಮೌಲಾಸಾಬರಿಗೆ.

"ನಮ್ಮಾಂವ ಅಲ್ಲೇ ನಿಂತಾನಲ್ರಿ. ಬಿಡ್ರಿ ಅವನ್ನ."

"ಅವನು ನಿಮ್ಮವನಲ್ಲ."

"ನೀವು ಹೇಳೋದು ಖರೇನ ಇರಬಹುದ್ರಿ ಹುಜೂರ. ಆದ್ರ ಈ ಮಣ್ಣು ಅವನ ಕೈಲೆ ಏಳಬೇಕು. ಬ್ಯಾರೆಯವರ ಕೈಲೆ ನಾ ತೋಡಸಂಗಿಲ್ಲ."

ನೀಲವ್ವ ಪೊಲೀಸಿನವನ ಮುಂದೆ ಸೆರಗೊಡ್ಡಿದಳು. "ನನ್ನ ಮಗನ ಜೀವ ಕಾದದ್ದು ಆ ದೇವರೋ ಯಪ್ಪಾ. ಒಂದ ಗುದ್ದಲಿ. ಒಂದ ಹಾಕಿ ತಿರುಗಿ ಬರ್ತಾನ. ನಾ ಇಲ್ಲೇ ಕುಂತಿರ್ತೇನಿ."

ಪೊಲೀಸಿನವನ ಕಣ್ಣು ತೇವವಾಯಿತು. ಆದರೆ ಅವನದು ನೌಕರಿ. ಸರಿಯಲಿಲ್ಲ.

ಕತ್ತಲಾಯಿತು. ಚಂದ್ರ ಇಳಿದ. ಗುದ್ದಲಿ ಬೀಳಲಿಲ್ಲ. ಈ ವರ್ಷ ನಮ್ಮೂರಲ್ಲಿ ಅಲಾವಿಯೇ ಇಲ್ಲ. ದೇವರ ಪಂಜಾ ಪೆಟ್ಟಿಗೆಯಲ್ಲೇ ಉಳಿಯಿತು. ನೀಲವ್ವ ಬಾಯಿಗೆ ನೀರು ಹಾಕದೆ ಕುಳಿತಳು. ಮರುದಿನ ಮೌಲಾಸಾಬರು ಪೊಲೀಸಿನವನ ಕಣ್ಣೆದುರೇ ಅವಳ ಮನೆಗೆ ಹೋಗಿ, ಫಾತೆಹಾ ಓದಿದ ಸಕ್ಕರೆಯನ್ನು ಕೈಗಿಟ್ಟು, "ಹರಕಿ ತಪ್ಪಿದ ದ್ವಾಷ ನಿನ್ನ ಮ್ಯಾಲ ಇಲ್ಲ ನೀಲವ್ವಾ, ತಡದವರ ಮ್ಯಾಲ ಐತಿ. ನೀರು ಕುಡಿ," ಎಂದರು. ಕುಡಿದಳು. ಆದರೆ ಮಗ ಹೊಲಕ್ಕೆ ಹೊರಟರೆ ಈಗ ಅವನು ಕಣ್ಮರೆಯಾಗುವ ತನಕ ಬಾಗಿಲಲ್ಲೇ ನಿಂತಿರುತ್ತಾಳೆ.

ಸವಣೂರಿನಿಂದ ವೀಳ್ಯದೆಲೆ ಮಾರಲು ಬಂದವನು ಹೇಳಿದ: ಅಲ್ಲಿ ಅದೇ ಸಂಜೆ ಎರಡೂ ಹಬ್ಬ ನಡೆದವಂತೆ. ಕ್ಯಾಲೆಂಡರ್ ಅಲ್ಲೂ ಅದೇ. ಅದರಲ್ಲಿ ಗಲಾಟೆಯನ್ನು ಹುಡುಕುವವರು ಯಾರೂ ಇರಲಿಲ್ಲ, ಅಷ್ಟೇ.

ನಮ್ಮ ಸಾಹೇಬರು ಮಾತ್ರ ಎಲ್ಲ ಶಾಂತವಾಗಿ ನೆರವೇರಿತೆಂದು ಮೇಲಿನವರಿಗೆ ತಿಳಿಸಿ ಶಾಭಾಸ್ ಪಡೆದಿದ್ದಾರೆ. ಶಾಂತವಾಗಿಯೇ ಇತ್ತು, ಸ್ವಾಮಿ. ಏನೂ ನಡೆಯದಿದ್ದರೆ ಸದ್ದೆಲ್ಲಿಂದ ಬರಬೇಕು? ಒಂದೇ ದಿನ ಎರಡು ಹಬ್ಬ ಬಂದರೆ ಎರಡನ್ನೂ ಮಾಡಲು ಜನರಿಗೆ ಬಿಡಬೇಕೆಂಬ ಸರಳ ಸಂಗತಿ ಇಷ್ಟು ಓದಿದವರಿಗೆ ಹೊಳೆಯುವುದಿಲ್ಲವೆ?

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ.

ನಿನ್ನೆ ಸಾಹೇಬರು ಮತ್ತೆ ಬಂದರು, ಕೆರೆಯ ದುರಸ್ತಿಯ ಬಗ್ಗೆ ಮಾತಾಡಲು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಊರಿನವರು ಚಾವಡಿಯ ಮುಂದೆ ನೆರೆದರು. ನಾನು ಬಂದು ನೋಡಿದರೆ ನಡುವೆ ಒಂದು ದಾರಿಯಷ್ಟು ಜಾಗ ಬಿಟ್ಟು ಜನ ಎರಡು ಸಾಲಾಗಿ ನಿಂತಿದ್ದಾರೆ. ಹಿಂದೂಗಳು ಈ ಕಡೆ. ಮುಸಲ್ಮಾನರು ಆ ಕಡೆ. ಈ ಸಲ ಯಾರೂ ಹೇಳಿರಲಿಲ್ಲ.

ಆ ನಡುವಿನ ಜಾಗದಲ್ಲಿ ಫಕೀರಪ್ಪ ಒಬ್ಬನೇ ನಿಂತು ನನ್ನನ್ನು ಕೇಳಿದ: "ಮಾಸ್ತರ್ರ, ನಾ ಎಲ್ಲಿ ನಿಂದರ್ಲಿ ರೀ?"