ಸೀರೆಯ ಮೂಲೆಯ ಹಳದಿ ತೇಪೆ

ಈ ಕೌದಿಯನ್ನು ನೆನೆಹಾಕಿದಾಗಲೆಲ್ಲ ಹೊಗೆಸೊಪ್ಪಿನ ವಾಸನೆ ಬರುತ್ತದೆ. ಇಷ್ಟು ವರ್ಷ ಒಗೆದರೂ ಹೋಗಿಲ್ಲ. ಅಥವಾ ನನ್ನ ಮೂಗಿಗೆ ಮಾತ್ರ ಬರುತ್ತದೋ ಏನೋ... ನಿನ್ನೆಯೂ ಬಂತು, ಭಾವ ಕಣ್ಣ ಮುಂದೆ ನಿಂತರು.

ಭಾವ ಎಂದರೆ ನನ್ನ ಗಂಡನ ಅಣ್ಣ. ಐವತ್ತರ ದಶಕದಲ್ಲಿ ಬೊಂಬಾಯಿಯಲ್ಲಿ ವಕೀಲರಾಗಿದ್ದರು. ನಮ್ಮ ವ್ಯಾಪಾರಿಗಳಿಗೂ ಹೊರದೇಶದ ಕಂಪನಿಗಳಿಗೂ ಹಡಗಿನ ಸರಕಿನ ಮೇಲೆ ಜಗಳವಾದರೆ ವಾದಿಸುವುದು ಅವರ ಕೆಲಸ. ಬೆಟ್ಟದಪುರದ ಹತ್ತಿರದ ನಮ್ಮೂರಿನಲ್ಲಿ ಅವರನ್ನು 'ಅಡಗಿನ ಲಾಯರ್ರು' ಎನ್ನುತ್ತಿದ್ದರು. ಹಡಗು ಕಂಡವರು ಅಲ್ಲಿ ಒಬ್ಬರೂ ಇರಲಿಲ್ಲ; ಆದರೂ ಭಾವ ಬಸ್ಸಿಳಿದರೆ ಹಡಗೇ ಬಂದಷ್ಟು ಸಡಗರ.

ಒಮ್ಮೆ ನಮ್ಮೂರಿನ ಹೊಗೆಸೊಪ್ಪೇ ವ್ಯಾಜ್ಯಕ್ಕೆ ಬಿತ್ತು. ಹುಣಸೂರಿನ ವ್ಯಾಪಾರಿಯೊಬ್ಬರು ನಮ್ಮ ಮನೆಯೂ ಸೇರಿ ಊರಿನ ರೈತರಿಂದ ಕೊಂಡು ಕಳಿಸಿದ ಸೊಪ್ಪಿನ ಬೇಲುಗಳನ್ನು ವಿಲಾಯಿತಿ ಕಂಪನಿ ಬೊಂಬಾಯಿ ಬಂದರಿನಲ್ಲೇ ತಡೆದಿತ್ತು. ತೂಕ ಬರಲೆಂದು ಒದ್ದೆ ಮಾಡಿದ್ದಾರೆ, ಒಳಗೆ ಬೂಷ್ಟು ಹಿಡಿದಿದೆ ಎಂಬ ದೂರು. ವ್ಯಾಪಾರಿ ಭಾವನನ್ನೇ ವಕೀಲರಾಗಿ ಹಿಡಿದರು. ಭಾವ ಊರಿಗೆ ಬಂದು ಮೊದಲು ಕೇಳಿದ್ದು ತಮ್ಮ ತಂದೆಯನ್ನು, ಅಂದರೆ ನನ್ನ ಮಾವನನ್ನು. ಮಾವ ಹಣೆಯ ವಿಭೂತಿ ಮುಟ್ಟಿಕೊಂಡರು.

"ನಮ್ಮೂರಲ್ಲಿ ಅಂತಾ ಕೆಲ್ಸ ಯಾರ್ ಮಾಡಾರು, ಬುಡು ಮಗ. ನೀನು ಧೈರ್ಯವಾಗಿ ವಾದ ಮಾಡೋಗು."

ಭಾವನಿಗೆ ಅಷ್ಟು ಸಾಕಾಯಿತು. ಬೊಂಬಾಯಿಗೆ ಹೋಗಿ, ವ್ಯಾಜ್ಯ ತೀರಿಸುವ ಮಧ್ಯಸ್ಥರ ಮುಂದೆ ನಮ್ಮ ರೈತರ ಮಾತಿಗೆ ನಾನೇ ಜಾಮೀನು ಎಂದರಂತೆ. ಆಮೇಲೆ ಒಂದು ಬೇಲನ್ನು ಎಲ್ಲರೆದುರು ಬಿಚ್ಚಿದರು. ನಡುವಿನಿಂದ, ನೆನೆಸಿ ಮಡಿಸಿಟ್ಟಿದ್ದ ಹಸಿರು ಸೀರೆಯ ತುಂಡು ಹೊರಬಂತು. ಮೂಲೆಯಲ್ಲಿ ಹಳದಿ ತೇಪೆ. ಭಾವನ ಬಾಲ್ಯದ ಅಂಗಿಯನ್ನು ಕತ್ತರಿಸಿ ನಮ್ಮ ಅತ್ತೆಯೇ ಹಾಕಿದ್ದ ತೇಪೆ ಅದು...

ಸುಮ್ಮನಿರಬಹುದಿತ್ತು. ಯಾರ ಮನೆಯ ಬಟ್ಟೆಯೆಂದು ಅಲ್ಲಿ ಯಾರಿಗೆ ಗೊತ್ತು? ಭಾವ ಎದ್ದು ನಿಂತು, ಇದು ನಮ್ಮ ಮನೆಯದು ಎಂದುಬಿಟ್ಟರು. ತನ್ನ ಕಕ್ಷಿಯ ಕೇಸನ್ನು ತಾನೇ ಮುಳುಗಿಸಿದ ವಕೀಲನನ್ನು ಮತ್ತೆ ಯಾವ ವ್ಯಾಪಾರಿ ಕರೆದಾನು? ಕಚೇರಿ ಖಾಲಿ ಮಾಡಿಕೊಂಡು ಊರಿಗೆ ಬಂದರು. ನಡೆದದ್ದನ್ನೆಲ್ಲ ನನ್ನ ಗಂಡನಿಗೆ ಮಾತ್ರ ಹೇಳಿದರು, ಅವರು ನನಗೆ ಹೇಳಿದರು.

ಬಂದ ದಿನ ಭಾವ ಆ ತುಂಡನ್ನು ಅತ್ತೆಯ ಕೈಗಿಟ್ಟರು. ಮಾವ ಅಲ್ಲೇ ಜಗಲಿಯ ಮೇಲಿದ್ದರು. ಪಾಪ, ಅತ್ತೆಗೆ ಏನೂ ಗೊತ್ತಿರಲಿಲ್ಲ.

"ಅಯ್ಯೋ, ನನ್ ಧಾರೆ ಸೀರೆದು ಕಣೋ! ಅಟ್ಟ ಎಲ್ಲಾ ತಡಕಾಡಿದ್ದೆ. ಎಲ್ಲಿತ್ತಪ್ಪ?"

"ಬೊಂಬಾಯಲ್ಲಿತ್ತು ಕಣವ್ವ," ಎಂದರು ಭಾವ.

ಮಾವ ಟವೆಲ್ಲು ಕೊಡವಿ ಹೊಲದ ಕಡೆ ನಡೆದರು.

ಅತ್ತೆ ಅದನ್ನು ಕೌದಿಯ ನಟ್ಟನಡುವೆ ಹೊಲಿದು, ಮನೆಗೆ ಬಂದವರಿಗೆಲ್ಲ ಬಿಡಿಸಿ ತೋರಿಸುತ್ತಿದ್ದರು. "ಬೊಂಬಾಯಿಗೂ ನನ್ ಸೀರೆ ತುಂಡು ತಗೊಂಡೋಗಿದ್ದ ಕಣ್ರೀ ನನ್ ಮಗ. ಅವ್ವನ್ ಬುಟ್ಟಿರಾಕಾಗ್ದೆ ಬಂದ್ಬುಟ್ಟ." ಭಾವ ನಗುತ್ತಿದ್ದರು. ಮಾವ, ನನ್ನ ಗಂಡ, ನಾನು ನೆಲ ನೋಡುತ್ತಿದ್ದೆವು. ಅತ್ತೆ ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

ಭಾವ ಕೊನೆಯವರೆಗೂ ಹುಣಸೂರಿನ ಕೋರ್ಟಿನಲ್ಲಿ ಬದುವಿನ ತಕರಾರು ನಡೆಸಿಕೊಂಡಿದ್ದರು. ಮಾವ ಸಾಯುವ ತನಕ ಈ ಮಗನ ಎದುರು ಕೂತು ಉಣ್ಣಲಿಲ್ಲ. ಕರೆದರೆ, ಹಸಿವಿಲ್ಲ ಎನ್ನುತ್ತಿದ್ದರು.

ಈಗ ಅವರಾರೂ ಇಲ್ಲ... ನಿನ್ನೆ ಕೌದಿ ಹಿಂಡಲು ಬಂದ ಮೊಮ್ಮಗಳು ತೇಪೆ ಮುಟ್ಟಿ, "ಇದೇನಜ್ಜಿ, ಹಳದಿ?" ಎಂದಳು. ನಿಜ ಹೇಳಬೇಕೆಂದೇ ಬಾಯಿ ತೆರೆದೆ.

"ನಿಮ್ ದೊಡ್ಡ ತಾತ ಬೊಂಬಾಯಿಗೆ ತಗೊಂಡೋಗಿದ್ರು ಕಣವ್ವ, ಅವ್ರವ್ವನ ನೆನಪಿಗೆ," ಎಂದೆ.

ಗುರುತು ಪರಿಚಯವಿಲ್ಲದವರ ನಡುವೆ ಭಾವ ಎದ್ದು ನಿಂತು ಹೇಳಿದ ಮಾತನ್ನು, ನಮ್ಮದೇ ಹಿತ್ತಲಿನಲ್ಲಿ, ಈ ಒಂದು ಮಗುವಿಗೆ ಹೇಳಲು ನನ್ನಿಂದಾಗಲಿಲ್ಲ.